ನಿಂತ ಗಾಡಿಯ ಗಂಟಲು

"ಒಂದ್ಸಲ ಸ್ಟಾರ್ಟ್ ಆದ್ರೆ ಸಾಕು ಇಕ್ಕಾ. ಆಮೇಲೆ ಪಾಲಿಶ್ ಹೊಡೆಸಿ ಹಾಲ್‌ನಲ್ಲಿ ಇಟ್ಬಿಡ್ತೀನಿ."

"ಹಾಲಲ್ಲಿ ಇಡ್ಲಿಕ್ಕೆ ಎಂಜಿನು ಯಾಕೆ ಮಾರಾಯ್ರೆ? ಪೈಂಟ್ ಹೊಡೆದ್ರೆ ಸಾಕಲ್ಲ."

ಮಟ್ಟಾಂಚೇರಿಯ ಬಜಾರ್ ರಸ್ತೆಗೆ ಬೆನ್ನು ಹಾಕಿ ಒಳಗೆ ತಿರುಗುವ ಓಣಿಯೊಂದರಲ್ಲಿ, ಒಂದು ಕಾಲಕ್ಕೆ ಒಣಶುಂಠಿ ಮೂಟೆ ಪೇರಿಸುತ್ತಿದ್ದ ಗೋದಾಮಿನ ಮುಂಭಾಗವೇ ಈಗ ಗ್ಯಾರೇಜು. ಮಾತು ನಡೆದದ್ದು ಅಲ್ಲಿ. ಮೊದಲನೆಯವರು ಮೈಸೂರಿನವರು, ಕೊಚ್ಚಿಯಲ್ಲಿ ನೌಕರಿ. ಎರಡನೆಯವರು ಉಪ್ಪಳದ ಕಡೆಯ ಮೆಕ್ಯಾನಿಕ್. ಹದಿನೇಳನೇ ವಯಸ್ಸಿಗೆ ಕೊಚ್ಚಿಗೆ ಬಂದವರಿಗೆ ಈಗ ಅರವತ್ತು ದಾಟಿದೆ. ಓಣಿಗೆಲ್ಲ ಅವರು 'ಇಕ್ಕ'. ಕೊಂಕಣಿ, ಗುಜರಾತಿ, ತಮಿಳು, ಉರ್ದು ಎಲ್ಲವೂ ಕಿವಿಗೆ ಬೀಳುವ ಈ ಊರಿಗೆ ಕೇರಳದೊಳಗಿಂದಲೇ ಬಂದ ಕನ್ನಡ ಅವರದು. ಇಬ್ಬರ ನಡುವೆ ನಿಂತಿದ್ದದ್ದು 1984ರ ಯೆಜ್ಡಿ ರೋಡ್‌ಕಿಂಗ್. ತಂದೆ ಮೈಸೂರಿನಲ್ಲಿ ಕೊಂಡದ್ದು, ವರ್ಗವಾದಾಗ ರೈಲಿಗೆ ಹಾಕಿ ಕೊಚ್ಚಿಗೆ ತಂದದ್ದು, ಅವರು ತೀರಿಕೊಂಡ ಮೇಲೆ ಹದಿಮೂರು ವರ್ಷ ಜಗಲಿಯಲ್ಲಿ ಟಾರ್ಪಾಲಿನ ಕೆಳಗೆ ನಿಂತದ್ದು.

ಇಕ್ಕನ ಮಾತು ಒರಟು. ಆದರೆ ಹಳೇ ಗಾಡಿಗಳ ಬಗ್ಗೆ ಈಗ ಹರಿದಾಡುತ್ತಿರುವ ಪ್ರೀತಿ, ಅಭಿಮಾನ, ಕಣ್ಣೀರು ಎಲ್ಲದಕ್ಕೂ ಕೊಡಬೇಕಾದ ಉತ್ತರ ಅದೇ. ಫೋರ್ಟ್ ಕೊಚ್ಚಿಯಿಂದ ಬೆಂಗಳೂರಿನ ಇಂದಿರಾನಗರದವರೆಗೆ ಕಾಫಿ ಮಾರುವ ಜಾಗಗಳ ಬಾಗಿಲಲ್ಲಿ ಹಳೇ ಮೋಟಾರ್ ಸೈಕಲ್ಲುಗಳು ನಿಂತಿವೆ. ಟ್ಯಾಂಕು ಕನ್ನಡಿಯ ಹಾಗೆ ಮಿನುಗುತ್ತದೆ, ಬೆಳ್ಳಿ ಬಣ್ಣದ ಬ್ಯಾಡ್ಜು ಹೊಸದು, ಸೀಟಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬಹುದು. ಬಗ್ಗಿ ನೋಡಿದರೆ ಸಿಲಿಂಡರಿನ ಹಿಂದೆ ಕಾರ್ಬ್ಯುರೇಟರ್ ಇರಬೇಕಾದ ಜಾಗದಲ್ಲಿ ಬಟ್ಟೆ ತುರುಕಿರುತ್ತದೆ. ಮನೆಗಳಲ್ಲೂ ಅಷ್ಟೆ, ಅಪ್ಪನ ಗಾಡಿ, ತಾತನ ಗಾಡಿ ಎಂದು ಹಾಲ್‌ನ ಮೂಲೆಗೆ ಸ್ಟ್ಯಾಂಡ್ ಹಾಕುತ್ತಾರೆ. ಇದಕ್ಕೆ 'ಉಳಿಸಿಕೊಂಡಿದ್ದೇವೆ' ಎನ್ನುತ್ತಾರೆ. ಉಳಿಸಿಕೊಂಡಿಲ್ಲ. ಓಡದ ಮೋಟಾರ್ ಸೈಕಲ್ಲು ದಿನದಿನವೂ ಸಾಯುತ್ತಿರುತ್ತದೆ; ಹೊರಗಿನ ಪಾಲಿಶಿನಿಂದಾಗಿ ಅದು ಯಾರಿಗೂ ಕಾಣುವುದಿಲ್ಲ, ಅಷ್ಟೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ಮುಷ್ಟಿಯಷ್ಟು ದೊಡ್ಡ ಒಂದು ಲೋಹದ ತುಂಡನ್ನು ಬಿಚ್ಚಿ ನೋಡಬೇಕು.

ಇಕ್ಕ ಬಿಚ್ಚಿದರು. ಕಾರ್ಬ್ಯುರೇಟರ್ ಎನ್ನುವುದು ಯಾವ ಗ್ಯಾರೇಜಿನಲ್ಲೂ ಪೂರ್ತಿ ಉಚ್ಚಾರವಾಗುವ ಶಬ್ದವಲ್ಲ, ಎಲ್ಲ ಕಡೆ ಅದು 'ಕಾರ್ಬೇಟರ್'. ಕೆಲಸ ಸರಳ. ಗಾಳಿ ಇಕ್ಕಟ್ಟಾದ ಗಂಟಲಲ್ಲಿ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಕೆಳಗಿನ ಬಟ್ಟಲಿನ ಪೆಟ್ರೋಲು ಸಣ್ಣ ಹಿತ್ತಾಳೆ ಜೆಟ್‌ಗಳ ಮೂಲಕ ಮೇಲೆದ್ದು ಗಾಳಿಯ ಜೊತೆ ಬೆರೆಯುತ್ತದೆ. ಬಟ್ಟಲಲ್ಲಿ ಪೆಟ್ರೋಲು ಒಂದೇ ಮಟ್ಟದಲ್ಲಿ ಇರಲಿ ಎಂದು ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದು ಮೇಲೆದ್ದಾಗ ಚಿಕ್ಕ ಸೂಜಿಯೊಂದು ಒಳದಾರಿಯನ್ನು ಮುಚ್ಚುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಸ್ಲೈಡ್ ಮೇಲೇರುತ್ತದೆ, ಅದರ ತುದಿಯ ಉದ್ದನೆಯ ಸೂಜಿ ಜೆಟ್‌ನಿಂದ ಮೇಲೆ ಸರಿದು ಹೆಚ್ಚು ಪೆಟ್ರೋಲಿಗೆ ದಾರಿ ಬಿಡುತ್ತದೆ. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಎಲ್ಲ ಲೆಕ್ಕವೂ ರಂಧ್ರಗಳ ಅಳತೆಯಲ್ಲಿದೆ.

ಬಟ್ಟಲಿನ ತಳದಲ್ಲಿ ಕಂದುಬಣ್ಣದ ಅಂಟು, ಹಳೇ ವಾರ್ನಿಶ್ ಡಬ್ಬಿಯ ವಾಸನೆ. ಅಂಟಿನ ಕೆಳಗೆ ಟ್ಯಾಂಕಿನಿಂದ ಇಳಿದ ತುಕ್ಕಿನ ಹೂಳು. ಗೋಡೆಗಳ ಮೇಲೆ ಸುಣ್ಣದ ಹಾಗೆ ಬಿಳಿ ಪುಡಿ. ಸ್ಲೈಡ್ ಹಿಡಿದುಕೊಂಡಿತ್ತು, ಎಳೆದರೆ ಬರುತ್ತಿರಲಿಲ್ಲ.

"ಇದಕ್ಕೆ ಏನಾಗಿದೆ ಇಕ್ಕಾ?"

"ಎಂತದೂ ಆಗ್ಲಿಲ್ಲ ಸಾರ್. ನಿಂತದ್ದೇ ಇದರ ಸೀಕು."

ಆ ಮಾತಿನಲ್ಲಿ ರಸಾಯನಶಾಸ್ತ್ರವಿದೆ. ಪೆಟ್ರೋಲು ಒಂದು ವಸ್ತುವಲ್ಲ, ನೂರಾರು ವಸ್ತುಗಳ ಮಿಶ್ರಣ. ನಿಂತಾಗ ಹಗುರವಾದವು ಮೊದಲು ಆವಿಯಾಗುತ್ತವೆ. ಉಳಿದವು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಅಂಟಾಗುತ್ತವೆ. ಟೂ-ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿಗೆ ಎಣ್ಣೆಯೂ ಬೆರೆತಿರುವುದರಿಂದ ಈ ಅಂಟು ಇನ್ನಷ್ಟು ಗಟ್ಟಿ. ಪೆಟ್ರೋಲ್ ಟ್ಯಾಪ್ ಮುಚ್ಚಿಟ್ಟಿದ್ದರೆ ಒಂದು ಬಟ್ಟಲಿನಷ್ಟೇ ಕಸ ಉಳಿಯುತ್ತಿತ್ತು. ಈ ಗಾಡಿಯ ಟ್ಯಾಪ್ ತೆರೆದೇ ಇತ್ತು. ಬಟ್ಟಲು ಆರಿದ ಹಾಗೆ ಟ್ಯಾಂಕಿನಿಂದ ಮತ್ತೆ ಇಳಿಯಿತು, ಮತ್ತೆ ಆರಿತು, ಮತ್ತೆ ಇಳಿಯಿತು. ಟ್ಯಾಂಕು ಬರಿದಾಗುವವರೆಗೆ ತಿಂಗಳುಗಟ್ಟಲೆ ಬೆಲ್ಲದ ಪಾಕ ಕಾಯಿಸಿದ ಹಾಗೆ. ಬಿಳಿ ಪುಡಿ ಕೊಚ್ಚಿಯ ಹವೆಯದು. ವರ್ಷಕ್ಕೆ ಮೂರು ಮೀಟರ್ ಆಸುಪಾಸು ಮಳೆ ಸುರಿಯುವ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಹಿನ್ನೀರು ಇರುವ ಊರಲ್ಲಿ ಸತು ಬೆರೆತ ಎರಕದ ಮೈಗೆ ಒದ್ದೆ ಗಾಳಿ ತಾಗಿದರೆ ಅದು ಹೀಗೆಯೇ ಹೂ ಬಿಡುತ್ತದೆ. ತಂದೆಯ ನೆನಪಿಗಾಗಿ ಹೊದಿಸಿದ ಟಾರ್ಪಾಲು ಆ ತೇವವನ್ನು ಹೊರಗೆ ಹೋಗದಂತೆ ಹಿಡಿದಿಟ್ಟಿತ್ತು.

ಈ ಗಾಡಿ ಬಂದ ದಾರಿಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1929ರಲ್ಲಿ ಚೆಕ್ ದೇಶದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಎಂದು ಕರೆದ. ಆ ಜಾವಾ 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಗೆ ಬಂತು, ಐಡಿಯಲ್ ಜಾವಾ ಎಂಬ ಹೆಸರಲ್ಲಿ. 1973ರ ನಂತರ ಯೆಜ್ಡಿ ಆಯಿತು. ರೋಡ್‌ಕಿಂಗ್ 1978ರದು. ಹೊಗೆಯ ನಿಯಮಗಳು ಬಿಗಿಯಾದವು, ಜಪಾನಿನ ಕೈಜೋಡಣೆಯ ಸಣ್ಣ ಎಂಜಿನ್ನುಗಳು ಮಾರುಕಟ್ಟೆ ತುಂಬಿದವು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಗೇರ್ ಹಾಕುವ ಲಿವರನ್ನೇ ಒತ್ತಿ ತಿರುಗಿಸಿದರೆ ಕಿಕ್ಕರ್ ಆಗುವ ಆ ಜಾಣತನ, 'ಪಟ್ ಪಟ್' ಸದ್ದು, ಎರಡು ಸೈಲೆನ್ಸರು, ಇವೆಲ್ಲದರ ಬಗ್ಗೆ ಈಗಾಗಲೇ ಸಾಕಷ್ಟು ಕವಿತೆ ಆಗಿದೆ. ಹೆಸರಿನ ಬಗ್ಗೆ ಮಾತ್ರ ಒಂದು ಮಾತು. ಯೆಜ್ಡಿ ಎಂದರೆ ಇರಾನಿನ ಯಜ್ದ್ ಊರಿನದು ಎನ್ನುತ್ತಾರೆ, ಕಂಪನಿ ಕಟ್ಟಿದ ಇರಾನಿ ಕುಟುಂಬದ ಮೂಲ ನೆಲ. ಚೆಕ್ ಭಾಷೆಯಲ್ಲಿ 'ಯೆಜ್ದಿತ್' ಎಂದರೆ ಸವಾರಿ ಮಾಡುವುದು, ಓಡಾಡುವುದು. ಯಾವ ನಿಷ್ಪತ್ತಿ ಹಿಡಿದರೂ 'ಹಾಲ್‌ನಲ್ಲಿ ನಿಲ್ಲಿಸಿಡುವುದು' ಎಂಬ ಅರ್ಥ ಬರುವುದಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಅಸಲು ಜಗಳ ಇರುವುದು ಅಲ್ಲಿ.

ನಿಂತ ಗಾಡಿಯ ಕಾರ್ಬ್ಯುರೇಟರ್ ಶುಚಿ ಮಾಡುವುದನ್ನು ಅರ್ಧ ಗಂಟೆಯ ಕೆಲಸ ಮಾಡಿಟ್ಟವರು ಬಹಳ. ಡಬ್ಬಿಯಿಂದ ಸ್ಪ್ರೇ ಹೊಡೆ, ಜೆಟ್‌ಗೆ ತಂತಿ ಹಾಕು, ಪೊಟ್ಟಣದಲ್ಲಿ ಬರುವ ರಿಪೇರಿ ಕಿಟ್ ತಂದು ಹಳೆಯದೆಲ್ಲ ಬಿಸಾಡಿ ಹೊಸದು ಜೋಡಿಸು, ಮುಗಿಯಿತು. ಈ ಮೂರರಲ್ಲಿ ಪ್ರತಿಯೊಂದೂ ಗಾಡಿಯನ್ನು ಕೊಲ್ಲುವ ಒಂದೊಂದು ದಾರಿ. ತಂತಿಯನ್ನೇ ತೆಗೆದುಕೊಳ್ಳಿ. ಮುಖ್ಯ ಜೆಟ್‌ನ ರಂಧ್ರ ಒಂದು ಮಿಲಿಮೀಟರಿಗೂ ಕಡಿಮೆ; ಸ್ಲೋ ಜೆಟ್‌ನದಂತೂ ಹೊಲಿಗೆ ಸೂಜಿಯೂ ತೂರದಷ್ಟು. ಜೆಟ್ ಹಿತ್ತಾಳೆಯದು, ಮೆದು. ಉಕ್ಕಿನ ತಂತಿ ಹಾಕಿ ನಾಲ್ಕು ಸಲ ಎಳೆದರೆ ಕಸದ ಜೊತೆ ಲೋಹವೂ ಬರುತ್ತದೆ. 0.90 ಮಿ.ಮೀ. ಇದ್ದ ರಂಧ್ರ 0.95 ಆದರೆ ಕಣ್ಣಿಗೇನೂ ತಿಳಿಯದು, ಆದರೆ ಅದರ ವಿಸ್ತೀರ್ಣ ಶೇಕಡ 11ರಷ್ಟು ಹೆಚ್ಚಾಗಿರುತ್ತದೆ. ಗಾಡಿ ಅಷ್ಟೂ ಹೆಚ್ಚು ಕುಡಿಯುತ್ತದೆ, ಪ್ಲಗ್ ಕರಿ ಹಿಡಿಯುತ್ತದೆ. ಮಾಲೀಕ ಹೇಳುತ್ತಾನೆ, 'ಹಳೇ ಗಾಡಿ ಅಲ್ವಾ, ಮೈಲೇಜ್ ಅಷ್ಟೇ.'

ಇಕ್ಕ ಮಾಡಿದ್ದು ಬೇರೆ. ಬಿಚ್ಚಿದ ಒಂದೊಂದು ತುಂಡನ್ನೂ ಹಳೇ ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟರು. ಬಿಚ್ಚುವ ಮೊದಲು ಏರ್ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿ ಎಷ್ಟು ಸುತ್ತು ಎಂದು ಎಣಿಸಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದರು. ಸೂಜಿಯ ಕ್ಲಿಪ್ ಎಷ್ಟನೇ ಗೀರಿನಲ್ಲಿತ್ತು ಎಂಬುದನ್ನೂ. ಆ ಅಂಕಿಗಳು ಆ ಗಾಡಿ ಹದಿಮೂರು ವರ್ಷದ ಹಿಂದೆ ಹೇಗೆ ಓಡುತ್ತಿತ್ತು ಎಂಬುದರ ದಾಖಲೆ; ಕಳೆದುಕೊಂಡರೆ ಮತ್ತೆ ಮೊದಲಿನಿಂದ ತಡಕಾಡಬೇಕು. ಮೈಯನ್ನೂ ಜೆಟ್‌ಗಳನ್ನೂ ರಾತ್ರಿಯಿಡೀ ನೆನೆಹಾಕಿದರು. ಅಂಟು ಕರಗಲು ಬೇಕಾದದ್ದು ಹೊತ್ತು, ಬಲವಲ್ಲ. ಹುಳಿ, ಆಸಿಡ್, ಕಾಸ್ಟಿಕ್ ಯಾವುದನ್ನೂ ಹತ್ತಿರ ಬಿಡಲಿಲ್ಲ. ಸತುವಿನ ಎರಕ ಅದರಲ್ಲಿ ಹೊಳಪು ಬಂದ ಹಾಗೆ ಕಾಣುತ್ತದೆ, ಒಳಗೆ ತೂತು ಬೀಳುತ್ತದೆ. ಬೆಳಗ್ಗೆ ಜೆಟ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ರಂಧ್ರ ದುಂಡಗೆ ಕಾಣಬೇಕು, ಅರ್ಧಚಂದ್ರ ಕಂಡರೆ ಇನ್ನೂ ಕಸ ಇದೆ ಎಂದರ್ಥ. ಅದಕ್ಕೆ ಮೀನು ಹಿಡಿಯುವ ನೈಲಾನ್ ದಾರದ ತುಂಡು. ಮಟ್ಟಾಂಚೇರಿಯಲ್ಲಿ ಅದಕ್ಕೇನು ಬರವಿಲ್ಲ.

ಫ್ಲೋಟಿನದು ಇನ್ನೂ ಸೊಗಸಾದ ಪರೀಕ್ಷೆ. ಹಳೆಯ ಹಿತ್ತಾಳೆಯ ಫ್ಲೋಟ್ ಸಣ್ಣದಾಗಿ ಬಿರುಕು ಬಿಟ್ಟಿದ್ದರೆ ಒಳಗೆ ಪೆಟ್ರೋಲು ಸೇರಿ ಭಾರವಾಗುತ್ತದೆ, ಮೇಲೇಳುವುದಿಲ್ಲ, ಪೆಟ್ರೋಲು ಉಕ್ಕುತ್ತದೆ. ಬಿರುಕು ಕಣ್ಣಿಗೆ ಕಾಣದು. ಬಿಸಿ ನೀರಿನ ಲೋಟಕ್ಕೆ ಅದನ್ನು ಅದ್ದಿ ಹಿಡಿದರೆ ಒಳಗಿನ ಗಾಳಿ ಹಿಗ್ಗಿ, ಬಿರುಕಿರುವ ಕಡೆಯಿಂದ ಗುಳ್ಳೆ ಏಳುತ್ತದೆ. ಪಕ್ಕದ ಚಾಯದ ಅಂಗಡಿಯಿಂದ ಬಿಸಿ ನೀರು ತರಿಸಿದರು. ಮೂರು ಗುಳ್ಳೆ, ಒಂದೇ ಜಾಗದಿಂದ. ಅಲ್ಲಿ ಒಂದು ಸಾಸಿವೆಯಷ್ಟು ಬೆಸುಗೆ. ಹೆಚ್ಚು ಬೆಸುಗೆ ಹಾಕಿದರೆ ಫ್ಲೋಟಿನ ತೂಕ ಹೆಚ್ಚಿ ಬಟ್ಟಲಿನ ಮಟ್ಟವೇ ಏರಿಬಿಡುತ್ತದೆ, ಆದ್ದರಿಂದ ಮೇಲಿನಿಂದ ಅರದಲ್ಲಿ ಉಜ್ಜಿ ತೆಗೆದರು. ಕಿಟ್‌ನಲ್ಲಿ ಇದು ಸಿಗುವುದಿಲ್ಲ.

ಟೂ-ಸ್ಟ್ರೋಕಿನಲ್ಲಿ ಈ ತಾಳ್ಮೆ ಚಂದಕ್ಕಲ್ಲ, ಜೀವಕ್ಕೆ. ಈ ಎಂಜಿನ್ನಿಗೆ ಬೇರೆ ಎಣ್ಣೆ ಪಂಪಿಲ್ಲ. ಪಿಸ್ಟನ್ನಿಗೂ ಬೇರಿಂಗಿಗೂ ಸಿಗುವ ಎಣ್ಣೆಯೆಲ್ಲ ಪೆಟ್ರೋಲಿನಲ್ಲಿ ಬೆರೆತು ಅದೇ ಜೆಟ್‌ನಿಂದ ಬರಬೇಕು. ಜೆಟ್ ಅರ್ಧ ಕಟ್ಟಿದರೆ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಕಾಯುತ್ತದೆ, ಎಣ್ಣೆಯೂ ಕಡಿಮೆಯಾಗುತ್ತದೆ, ಎರಡೂ ಒಟ್ಟಿಗೆ. ಕಾರ್ಬ್ಯುರೇಟರ್ ಸಿಲಿಂಡರಿಗೆ ಕೂರುವ ಫ್ಲ್ಯಾಂಜ್ ಅತಿ ಬಿಗಿದು ಬಾಗಿದ್ದರೂ ಇದೇ ಕಥೆ, ಸಂದಿನಿಂದ ಗಾಳಿ ನುಗ್ಗುತ್ತದೆ. ಅರವತ್ತರ ವೇಗದಲ್ಲಿ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡರೆ ಹಿಂದಿನ ಚಕ್ರ ಅಲ್ಲೇ ನಿಲ್ಲುತ್ತದೆ. ಕ್ಲಚ್ಚಿನ ಮೇಲೆ ಬೆರಳಿದ್ದವನು ಬದುಕಿಕೊಳ್ಳುತ್ತಾನೆ. 'ಒಂದ್ಸಲ ಸ್ಟಾರ್ಟ್ ಆದ್ರೆ ಸಾಕು' ಎಂದು ಅವಸರದಲ್ಲಿ ಸ್ಟಾರ್ಟ್ ಮಾಡಿಸಿಕೊಂಡು ಸಂಜೆ ಒಂದು ಸುತ್ತು ಹೋದವರು ಇದನ್ನು ಯೋಚಿಸಿರುವುದಿಲ್ಲ.

ಎಲ್ಲ ದೋಷವೂ ಕಾರ್ಬ್ಯುರೇಟರಿನದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ವರ್ಷಗಟ್ಟಲೆ ನಿಂತ ಟೂ-ಸ್ಟ್ರೋಕಿನ ಕ್ರ್ಯಾಂಕಿನ ಎರಡೂ ಬದಿಯ ಎಣ್ಣೆ ಸೀಲುಗಳು ಒಣಗಿ ಗಡುಸಾಗುತ್ತವೆ. ಪ್ರೈಮರಿ ಚೈನಿನ ಕಡೆಯ ಸೀಲು ಹೋದರೆ ಗೇರ್ ಎಣ್ಣೆಯನ್ನು ಎಳೆದು ಬಿಳಿ ಹೊಗೆ ಬಿಡುತ್ತದೆ, ಡೈನಮೋ ಕಡೆಯದು ಹೋದರೆ ಗಾಳಿ ಎಳೆಯುತ್ತದೆ. ಆ ಗಾಳಿಗೆ ಕಾರ್ಬ್ಯುರೇಟರಿನಲ್ಲಿ ಯಾವ ಸ್ಕ್ರೂ ತಿರುಗಿಸಿಯೂ ಔಷಧವಿಲ್ಲ. ಟ್ಯಾಂಕಿನ ತುಕ್ಕು ತೆಗೆಯದೆ ಕಾರ್ಬ್ಯುರೇಟರ್ ತೊಳೆಯುವುದಂತೂ ಹೊಳೆಯ ಮೇಲುಗಡೆ ಎಮ್ಮೆ ಮೀಯುತ್ತಿರುವಾಗ ಕೆಳಗೆ ನೀರು ಸೋಸಿದ ಹಾಗೆ.

ಎರಡು ದಿನ ಕಳೆದು ಬಿಲ್ ಬಂತು. ಒಟ್ಟು 3,500 ರೂಪಾಯಿ. ಅದರಲ್ಲಿ ಸಾಮಾನು ಎಂದರೆ ಪ್ಯಾಕಿಂಗು, ಫ್ಲೋಟ್ ಸೂಜಿ, ಎರಡು ಸೀಲು, ಎಲ್ಲ ಸೇರಿ 600 ದಾಟಲಿಲ್ಲ. ಮೈಸೂರಿನವರ ಮುಖ ಸ್ವಲ್ಪ ಸಣ್ಣಗಾಯಿತು.

"ಬರೀ ಕ್ಲೀನಿಂಗ್‌ಗೆ ಇಷ್ಟಾ ಇಕ್ಕಾ?"

"ಹೊಸ ಕಾರ್ಬೇಟರ್ ಹಾಕಿ ನಾಲ್ಕು ಸಾವಿರ ಹೇಳಿದ್ರೆ ನೀವು ಕೇಳ್ತಿರ್ಲಿಲ್ಲ ಸಾರ್."

ಈ ಒಂದು ವಾಕ್ಯಕ್ಕೆ ಉತ್ತರ ಕೊಡಬಲ್ಲ ಮಾಲೀಕರು ಅಪರೂಪ. ಪೆಟ್ಟಿಗೆಯಲ್ಲಿ ಬರುವ ಸಾಮಾನಿಗೆ ಎಷ್ಟು ಕೇಳಿದರೂ ಕೊಡುತ್ತಾರೆ. ಅದಕ್ಕೆ ಬೆಲೆ ಚೀಟಿ ಇದೆ. ಎರಡು ದಿನ ಬಗ್ಗಿ ಕೂತ ಬೆನ್ನಿಗೆ, ಅರ್ಧಚಂದ್ರಕ್ಕೂ ಪೂರ್ಣಚಂದ್ರಕ್ಕೂ ವ್ಯತ್ಯಾಸ ಕಾಣುವ ಕಣ್ಣಿಗೆ ಚೌಕಾಸಿ. ಪರಿಣಾಮ ಎಲ್ಲ ಊರಿನ ಗ್ಯಾರೇಜುಗಳಲ್ಲೂ ಕಾಣುತ್ತದೆ. ಬದುಕಬೇಕಾದ ಮೆಕ್ಯಾನಿಕ್ ಹಳೆಯದನ್ನು ಗುಜರಿ ಡಬ್ಬಕ್ಕೆ ಎಸೆದು ಬುಲೆಟ್ಟಿನದೋ ಪಲ್ಸರಿನದೋ ಕಾರ್ಬ್ಯುರೇಟರ್ ಕೂರಿಸುತ್ತಾನೆ, ಇಲ್ಲವೇ ಅಸಲಿನ ರೂಪದ ಡೂಪ್ಲಿಕೇಟ್ ತರುತ್ತಾನೆ. ಅವನನ್ನು ದೂರುವಂತಿಲ್ಲ, ಕೈಗೆಲಸಕ್ಕೆ ಕೊಡದವರು ಸಾಮಾನಿಗೆ ಕೊಡುತ್ತಾರೆ ಎಂದು ಅವನಿಗೆ ಕಲಿಸಿದವರು ಗಿರಾಕಿಗಳೇ. ತಮಾಷೆಯೆಂದರೆ ಇದೇ ಗಿರಾಕಿ ಟ್ಯಾಂಕಿನ ಬ್ಯಾಡ್ಜು ಅಸಲಿಯೋ ನಕಲಿಯೋ ಎಂದು ವಾರಗಟ್ಟಲೆ ಹುಡುಕುತ್ತಾನೆ. ಗಾಡಿಗೆ ಉಸಿರು ಕೊಟ್ಟ ಜಿಕೋವ್ ಗುಜರಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಹೋಗಿರುತ್ತದೆ.

ಕೈಗೆ ಬೆಲೆ ಕೊಡದಿದ್ದರೆ ಏನಾಗುತ್ತದೆ ಎನ್ನುವುದು ದೂರದ ಮಾತೂ ಅಲ್ಲ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಿಂದ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮಾಯವಾಯಿತು. 2018ರ ನವೆಂಬರಿನಲ್ಲಿ ಹಳೇ ಹೆಸರಿನಲ್ಲಿ ಹೊಸದಾಗಿ ಬಂದ ಜಾವಾದಲ್ಲಿ ಕೂಡ ಅದಿಲ್ಲ. ಫ್ಯುಯೆಲ್ ಇಂಜೆಕ್ಷನ್, ನಾಲ್ಕು ಸ್ಟ್ರೋಕು. ಅದು ತಪ್ಪೇನಲ್ಲ, ಹೊಸ ಗಾಡಿ ಹೊಸ ಥರವೇ ಇರಲಿ. ಆದರೆ ಇಂದು ಗ್ಯಾರೇಜಿಗೆ ಸೇರುವ ಹದಿನೆಂಟರ ಹುಡುಗನ ಕೈಗೆ ಕಾರ್ಬ್ಯುರೇಟರ್ ಬೀಳುವುದೇ ಕಡಿಮೆ. ಇಕ್ಕನ ಬಳಿ ಇಬ್ಬರು ಹುಡುಗರಿದ್ದರು. ಒಬ್ಬ ಈಗ ಎರ್ನಾಕುಳಂನ ಶೋರೂಮಿನಲ್ಲಿ ಲ್ಯಾಪ್‌ಟಾಪ್ ಚುಚ್ಚಿ ದೋಷ ಓದುತ್ತಾನೆ, ಇನ್ನೊಬ್ಬ ಗಲ್ಫಿಗೆ ಹೋದ. ಬಿಸಿ ನೀರಿನ ಗುಳ್ಳೆಯ ವಿದ್ಯೆ ಹೇಳಿಸಿಕೊಳ್ಳಲು ಯಾರಿಲ್ಲ.

ಗಿರಾಕಿಗಳಷ್ಟೇ ಅಲ್ಲ, ಕಾನೂನೂ ನಿಲ್ಲಿಸಿಡುವವರ ಪಕ್ಷವೇ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಎಂಜಿನ್ನು ಅಥವಾ ಚಾಸಿಯಲ್ಲಿ ದೊಡ್ಡ ಬದಲಾವಣೆಯಾಗದ ಗಾಡಿಗೆ 'ವಿಎ' ಅಕ್ಷರಗಳ ನಂಬರ್ ಪ್ಲೇಟು. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ, ಮರುನೋಂದಣಿಗೆ 5,000. ಗೌರವವೇ ಸರಿ. ಆದರೆ ಆ ಪ್ಲೇಟು ಹೊತ್ತ ಗಾಡಿಯನ್ನು ದಿನನಿತ್ಯ ರಸ್ತೆಗೆ ತರುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಹಾಕಿಸಲು, ರಿಪೇರಿಗೆ, ಇಷ್ಟಕ್ಕೆ ಮಾತ್ರ. ಸನ್ಮಾನದ ಶಾಲು ಹೊದಿಸಿ ಕುರ್ಚಿಗೆ ಕಟ್ಟಿಹಾಕಿದ ಹಾಗೆ. 1984ರ ಯೆಜ್ಡಿಗೆ ಆ ಭಾಗ್ಯ 2034ಕ್ಕೆ. ಅಲ್ಲಿಯವರೆಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ. ಮೋಟಾರ್ ಸೈಕಲ್ಲಿಗೆ 300 ಇದ್ದ ಕೇಂದ್ರದ ಶುಲ್ಕ 2022ರ ಏಪ್ರಿಲಿನಿಂದ 1,000 ಆಯಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ 2,000. ದುಡ್ಡಿಗಿಂತ ಅದರ ಸೂಚನೆ ಮುಖ್ಯ: ಬೇಗ ಗುಜರಿಗೆ ಕೊಡು, ಇಲ್ಲವೇ ಪೂಜೆಗಿಡು. ನಡುವೆ ಓಡಿಸುವವನೊಬ್ಬ ಇರಬಹುದು ಎಂಬ ಎಣಿಕೆಯೇ ಇಲ್ಲ.

ಪಂಪಿನಲ್ಲಿ ಸಿಗುವ ಪೆಟ್ರೋಲಿನದು ಇನ್ನೂ ಕಷ್ಟದ ಮಾತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ 20 ಶೇಕಡ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. 2030ಕ್ಕೆ ಇಟ್ಟಿದ್ದ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಮಂಡ್ಯದ ಕಬ್ಬು ಬೆಳೆಗಾರನಿಗೆ ಕಾರ್ಖಾನೆಯಿಂದ ಹಣ ಬೇಗ ಬರುವುದಾದರೆ, ವಿದೇಶಿ ತೈಲದ ಬಿಲ್ಲು ಇಳಿಯುವುದಾದರೆ ಅದನ್ನು ಹೀಗಳೆಯಬೇಕಿಲ್ಲ. ಪ್ರಶ್ನೆ ಬೇರೆ. ಎಥೆನಾಲಿನಲ್ಲಿಯೇ ಆಮ್ಲಜನಕ ಇದೆ, ಆದ್ದರಿಂದ ಅಷ್ಟೇ ಗಾಳಿಗೆ ಅದು ಹೆಚ್ಚು ಪ್ರಮಾಣದಲ್ಲಿ ಬೇಕು. ಶುದ್ಧ ಪೆಟ್ರೋಲಿನ ಒಂದು ತೂಕಕ್ಕೆ 14.7 ತೂಕ ಗಾಳಿ ಲೆಕ್ಕವಾದರೆ ಈ ಮಿಶ್ರಣಕ್ಕೆ ಸುಮಾರು 13.5. ಹೊಸ ಗಾಡಿಯ ಸೆನ್ಸರು ಇದನ್ನು ಗುರುತಿಸಿ ತಾನೇ ಸರಿಪಡಿಸಿಕೊಳ್ಳುತ್ತದೆ. ಜಿಕೋವಿನಲ್ಲಿ ಇರುವುದು ಒಂದು ತೂತು. ಅದೇ ತೂತಿನಿಂದ ಈ ಪೆಟ್ರೋಲು ಹರಿದರೆ ಮಿಶ್ರಣ ಬಡವಾಗುತ್ತದೆ, ಎಂಜಿನ್ ಕಾಯುತ್ತದೆ. ಟೂ-ಸ್ಟ್ರೋಕಿನಲ್ಲಿ ಅದರ ಮುಂದಿನ ಹೆಜ್ಜೆ ಏನೆಂದು ಮೇಲೆ ಹೇಳಿದ್ದಾಗಿದೆ. ಆದ್ದರಿಂದ ಇಕ್ಕ ತೊಳೆದು ಜೋಡಿಸಿ ಸುಮ್ಮನಾಗಲಿಲ್ಲ, ಮುಖ್ಯ ಜೆಟ್ ಒಂದು ಅಳತೆ ದೊಡ್ಡದು ಹಾಕಿದರು.

ಜೊತೆಗೆ ಎಥೆನಾಲ್ ಗಾಳಿಯ ನೀರನ್ನು ಹೀರುತ್ತದೆ. 20 ಶೇಕಡ ಇರುವುದು 10 ಶೇಕಡ ಇರುವುದಕ್ಕಿಂತ ಹೆಚ್ಚು ನೀರನ್ನು ತಡೆದುಕೊಳ್ಳುತ್ತದೆ ಎಂಬುದು ನಿಜ. ಆದರೆ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಮಿತಿ ಮೀರಿದರೆ ಎಥೆನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಟ್ಯಾಪ್ ಇರುವುದು ತಳದಲ್ಲಿ. ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹಳೇ ಟ್ಯಾಪಿನ ಕಾರ್ಕು, ಹಳೇ ರಬ್ಬರು, ಸತುವಿನ ಮೈ, ಯಾವುದನ್ನೂ ಈ ಮಿಶ್ರಣಕ್ಕೆಂದು ಮಾಡಿದ್ದಲ್ಲ. ಇದೆಲ್ಲ ದೆಹಲಿಗೆ ತಿಳಿಯದ ಸಂಗತಿಯೂ ಅಲ್ಲ. 2021ರ ಜೂನಿನಲ್ಲಿ ನೀತಿ ಆಯೋಗ ಹೊರತಂದ ಎಥೆನಾಲ್ ವರದಿಯೇ ಹಳೆಯ ದ್ವಿಚಕ್ರಗಳ ಇಂಧನ ಕ್ಷಮತೆ 3ರಿಂದ 4 ಶೇಕಡ ಇಳಿಯಬಹುದೆಂದಿತ್ತು. ಹಳೇ ವಾಹನಗಳ ರಕ್ಷಣೆಗೆ 10 ಶೇಕಡದ ಪೆಟ್ರೋಲು ಸಿಗುತ್ತಿರಬೇಕು ಎಂದೂ ಬರೆದಿತ್ತು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೇಳಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಬರೆದ ಭರವಸೆ ವರದಿಯಲ್ಲಿದೆ, ಪಂಪಿನಲ್ಲಿ ಇರುವುದು ಒಂದೇ ನಳಿಕೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಟೂ-ಸ್ಟ್ರೋಕ್ ಹೊಗೆ ಉಗುಳುತ್ತದೆ. ಸುಡದ ಪೆಟ್ರೋಲೂ ಎಣ್ಣೆಯೂ ಸೈಲೆನ್ಸರಿನಿಂದ ಹೊರಗೆ ಬರುತ್ತವೆ. ಇಂಥವನ್ನು ರಸ್ತೆಗೆ ತನ್ನಿ ಎನ್ನುವುದು ಹೊಣೆಗೇಡಿತನವಲ್ಲವೆ? ದಿನಕ್ಕೆ ಐವತ್ತು ಕಿಲೋಮೀಟರ್ ಓಡಿಸಿ ಎಂದು ಯಾರೂ ಹೇಳುತ್ತಿಲ್ಲ. ವಾರಕ್ಕೆ ಒಂದು ಸಲ ಇಪ್ಪತ್ತು ಕಿಲೋಮೀಟರ್ ಓಡುವ ಒಂದು ಯೆಜ್ಡಿ ವರ್ಷಕ್ಕೆ ಓಡುವುದು ಸಾವಿರ ಕಿಲೋಮೀಟರ್ ಆಸುಪಾಸು, ಅಷ್ಟೆ. ಬಜಾರ್ ರಸ್ತೆಯಲ್ಲಿ ಎಂಜಿನ್ ಆರಿಸದೆ ಸರಕು ಇಳಿಸುವ ಲಾರಿಗಳ ಸಾಲು ನೋಡಿದವರು ಈ ಲೆಕ್ಕ ತಾವೇ ಮಾಡಿಕೊಳ್ಳಲಿ. ಹೊಗೆ ಹೆಚ್ಚು ಬರುವುದು ತಂತಿ ಹಾಕಿ ಹಿಗ್ಗಿಸಿದ ಜೆಟ್‌ನಿಂದ, ಸವೆದ ಸೂಜಿಯಿಂದ, ಹೋದ ಸೀಲಿನಿಂದ. ಹೊಗೆಯ ಚಿಂತೆ ಇರುವವರು ಇಕ್ಕನ ಬಿಲ್ ಕೊಡಲು ಮೊದಲು ಮುಂದೆ ಬರಬೇಕು.

ಕನ್ನಡದಲ್ಲಿ ಇದಕ್ಕೆಲ್ಲ ಒಂದು ಹಳೆಯ ಶಬ್ದ ಇದೆ, ಜೀರ್ಣೋದ್ಧಾರ. ದೇವಸ್ಥಾನಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ಕರಾವಳಿಯಲ್ಲಿ ಗರ್ಭಗುಡಿ ಬಿಚ್ಚಿದಾಗ ದೇವರನ್ನು ಬಾಲಾಲಯದಲ್ಲಿ ಇಟ್ಟು ಪೂಜೆ ಮುಂದುವರಿಸುತ್ತಾರೆ; ಕಲ್ಲು, ಮರ ಬದಲಾದ ಮೇಲೆ ಬ್ರಹ್ಮಕಲಶ, ಮತ್ತೆ ದಿನದ ಮೂರು ಹೊತ್ತಿನ ಪೂಜೆ. ಜೀರ್ಣವಾದದ್ದನ್ನು ಎತ್ತಿ ಮತ್ತೆ ಬಳಕೆಗೆ ತರುವುದು ಅದರ ಅರ್ಥ. ಬಳಕೆ ನಿಲ್ಲಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಆ ಶಬ್ದ ಒಪ್ಪುವುದಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಬೆಂಗಳೂರಿನಲ್ಲೂ ಬೇರೆ ಊರುಗಳಲ್ಲೂ ಸೇರುವ ಸವಾರರಿಗೆ ಈ ಶಬ್ದ ಧಾರಾಳವಾಗಿ ಕೊಡಬಹುದು. ಅವರಲ್ಲಿ ಅನೇಕರು ಆ ಸಭೆಗೆ ಗಾಡಿ ಓಡಿಸಿಕೊಂಡೇ ಬರುತ್ತಾರೆ, ದಾರಿಯಲ್ಲಿ ಕೆಟ್ಟರೆ ಅಲ್ಲೇ ಕೂತು ಬಿಚ್ಚುತ್ತಾರೆ. ಟ್ರೈಲರಿನಲ್ಲಿ ಹಾಕಿಸಿಕೊಂಡು ಬಂದು ನಿಲ್ಲಿಸಿ ಹೋಗುವವರ ವಿಷಯ ಬೇರೆ.

ಮೂರನೇ ದಿನ ಸಂಜೆ ಗಾಡಿ ಸಿದ್ಧವಾಯಿತು. ಹೊಸ ಪೆಟ್ರೋಲು, ಲೀಟರಿಗೆ 40 ಮಿಲಿಲೀಟರ್ ಎಣ್ಣೆ. ಮೈಸೂರಿನವರು ಲಿವರ್ ಒಳಗೆ ಒತ್ತಿ ತಿರುಗಿಸಿ ಕಿಕ್ ಹೊಡೆದರು. ಒಂದು, ಎರಡು, ಆರು. ಏಳನೆಯದಕ್ಕೆ ಕೆಮ್ಮಿತು, ಎಂಟಕ್ಕೆ ಹಿಡಿಯಿತು. ಗೋದಾಮಿನ ತುಂಬ ನೀಲಿ ಹೊಗೆ. ಅದು ತೆಳುವಾಗುವವರೆಗೆ ಇಕ್ಕ ಸ್ಲೋ ಸ್ಕ್ರೂ ಬಿಡಲಿಲ್ಲ. ಕಾಲು ಸುತ್ತು ಈಚೆ, ಅರ್ಧ ಸುತ್ತು ಆಚೆ, ಕಣ್ಣು ಮುಚ್ಚಿ ಕೇಳುತ್ತ. ಮೈಸೂರಿನವರು ಏನೋ ಹೇಳಲು ಹೋಗಿ ಗಂಟಲು ಕಟ್ಟಿ ಸುಮ್ಮನಾದರು. ಆ ಸದ್ದು ಹದಿಮೂರು ವರ್ಷ ಆ ಮನೆಯಲ್ಲಿ ಕೇಳಿರಲಿಲ್ಲ.

ಬಿಲ್ ಪೂರ್ತಿ ಕೊಟ್ಟರು. ಹಾಲ್‌ನ ಮಾತು ಎತ್ತಲಿಲ್ಲ, ಬಿಟ್ಟೆ ಎಂದೂ ಹೇಳಲಿಲ್ಲ. ಹೊರಡುವ ಮೊದಲು ಇಕ್ಕ ಟ್ಯಾಂಕಿನ ಕೆಳಗೆ ಕೈಹಾಕಿ ಟ್ಯಾಪ್ ತೋರಿಸಿದರು.

"ಮನೆ ಮುಟ್ಟುವ ಸ್ವಲ್ಪ ಮೊದಲು ಇದನ್ನು ಬಂದ್ ಮಾಡಿ. ಬಟ್ಟಲಲ್ಲಿದ್ದದ್ದು ಮುಗಿದು ಅದೇ ನಿಲ್ತದೆ. ನಿಮ್ಮ ತಂದೆ ಹಾಗೆ ಮಾಡ್ತಿದ್ರಾ?"

"ಗೊತ್ತಿಲ್ಲ ಇಕ್ಕಾ. ಗೇಟ್ ಹತ್ರ ಬಂದಾಗ ಗಾಡಿ ತಾನಾಗೇ ಆಫ್ ಆಗ್ತಿತ್ತು. ಅದು ಯಾಕೆ ಅಂತ ನಾನು ಯಾವತ್ತೂ ಕೇಳ್ಲಿಲ್ಲ."

"ಹಾಂ, ಅದೇ. ಭಾನುವಾರ ಇಪ್ಪತ್ತು ಕಿಲೋಮೀಟರ್ ಓಡಿಸ್ಕೊಂಡು ಬನ್ನಿ, ಪ್ಲಗ್ ಬಿಚ್ಚಿ ಬಣ್ಣ ನೋಡುವಾ. ನಿಲ್ಲಿಸಿಟ್ಟು ತರಬೇಡಿ."